ಕೋಶ ವಿಭಜನೆಯ ಕಿಣ್ವಕ್ಕೆ ಜೀನೇ ಇಲ್ಲದ ಹುಳ ಹುಟ್ಟುವುದಾದರೂ ಹೇಗೆ?

ಪ್ರಶ್ನೆ: ನಾನು ಜೀವಶಾಸ್ತ್ರದ ವಿದ್ಯಾರ್ಥಿ. ಸಿ. ಎಲೆಗನ್ಸ್ ಎಂಬ ದುಂಡುಹುಳದಲ್ಲಿ ಕೋಶ ವಿಭಜನೆ ನಡೆಸುವ ಕಿಣ್ವಗಳ ಜೀನ್‌ಗಳ ಬಗ್ಗೆ ಓದುತ್ತಿದ್ದೇನೆ. ಸಿಡಿಕೆ-1 ಎಂಬ ಜೀನ್ ಪೂರ್ತಿ ಕೆಟ್ಟಿರುವ ಹುಳ ಮೊಟ್ಟೆಯೊಡೆದು ಹೊರಬರುತ್ತದೆ, ಓಡಾಡುತ್ತದೆ, ಆಮೇಲೆ ಬಂಜೆಯಾಗುತ್ತದೆ ಎಂದು ಒಂದು ಕಡೆ ಇದೆ. ಅದೇ ಜೀನನ್ನು ಅಡಗಿಸಿದರೆ ಭ್ರೂಣ ಒಂದೇ ಕೋಶದಲ್ಲಿ ನಿಂತುಬಿಡುತ್ತದೆ ಎಂದು ಇನ್ನೊಂದು ಕಡೆ ಇದೆ. ಯಾವುದು ಸರಿ? ಜೀನೇ ಇಲ್ಲದಿದ್ದರೆ ಒಂದು ಕೋಶದಿಂದ ಅಷ್ಟೆಲ್ಲ ಕೋಶ ಆಗುವುದು ಹೇಗೆ? ಇದನ್ನು ಕಣ್ಣಾರೆ ನೋಡಲು ಆಗುತ್ತದೆಯೇ?

ಉತ್ತರ: ಎರಡೂ ಸರಿ. ನಿಮ್ಮನ್ನು ಗೊಂದಲಕ್ಕೆ ಕೆಡವಿರುವುದು "ಇಲ್ಲ" ಎಂಬ ಒಂದು ಮಾತು. ಜೀನ್ ಇಲ್ಲ ಅನ್ನುವುದು ಬೇರೆ, ಕಿಣ್ವ ಇಲ್ಲ ಅನ್ನುವುದು ಬೇರೆ.

ಮರಿಯ ಡಿಎನ್‌ಎಯಲ್ಲಿ ಸಿಡಿಕೆ-1 ಕೆಟ್ಟಿರಬಹುದು. ಆದರೆ ಮರಿ ಶುರುವಾಗುವ ಆ ಮೊದಲ ಕೋಶವನ್ನು ಕಟ್ಟಿದ್ದು ತಾಯಿಹುಳ. ಅದರಲ್ಲಿ ಈ ಜೀನಿನ ಎರಡು ಪ್ರತಿಗಳ ಪೈಕಿ ಒಂದು ಚೆನ್ನಾಗಿಯೇ ಇತ್ತು. ಆ ಒಂದು ಪ್ರತಿಯಿಂದ ತಯಾರಾದ ಕಿಣ್ವವನ್ನೂ, ಕಿಣ್ವ ಮಾಡುವ ಆರ್‌ಎನ್‌ಎಯನ್ನೂ ತಾಯಿ ಅಂಡದೊಳಗೆ ತುಂಬಿ ಕಳಿಸಿದೆ. ದೂರದ ದಾರಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಬುತ್ತಿ ಇರುವವರೆಗೆ ಮರಿ ನಡೆಯುತ್ತದೆ. ಖಾಲಿಯಾದ ದಿನ ನಿಲ್ಲುತ್ತದೆ. ನೀವು ಓದಿದ ಮೊದಲ ಪ್ರಯೋಗದಲ್ಲಿ ಬುತ್ತಿ ಇತ್ತು. ಎರಡನೆಯದರಲ್ಲಿ ಬುತ್ತಿಯನ್ನೂ ಕಿತ್ತುಕೊಂಡಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಹುಳದ ಜೀನ್‌ಗಳನ್ನು ಓದುವಾಗ ಎಲ್ಲರೂ ಎಡವುವ ಜಾಗ ಇದು.

ಮೊದಲು ಹುಳದ ಬಗ್ಗೆ ನಾಲ್ಕು ಮಾತು. ಉದ್ದ ಸುಮಾರು ಒಂದು ಮಿಲಿಮೀಟರ್. ಗಾಜಿನಂತೆ ಪಾರದರ್ಶಕ. ಮೊಟ್ಟೆಯಿಂದ ಮತ್ತೆ ಮೊಟ್ಟೆಗೆ ಮೂರು-ನಾಲ್ಕು ದಿನ ಸಾಕು. ಬಹುಪಾಲು ಹುಳಗಳು ದ್ವಿಲಿಂಗಿಗಳು, ತಮ್ಮ ಅಂಡವನ್ನು ತಮ್ಮದೇ ವೀರ್ಯಾಣುವಿನಿಂದ ಫಲಿಸಿಕೊಳ್ಳುತ್ತವೆ. ಗಂಡುಗಳು ಅಪರೂಪ. ಸಿಡ್ನಿ ಬ್ರೆನರ್ 1963ರಲ್ಲಿ ಇಂಥ ಹುಳವನ್ನು ಸಾಕಿ ಅಧ್ಯಯನ ಮಾಡುವ ಪ್ರಸ್ತಾಪ ಇಟ್ಟರು. ಜಾನ್ ಸಲ್ಸ್ಟನ್ ಮತ್ತು ಅವರ ಜೊತೆಗಾರರು ಸೂಕ್ಷ್ಮದರ್ಶಕದ ಮುಂದೆ ಕೂತು, ಮೊದಲ ಕೋಶದಿಂದ ಯಾವ ಕೋಶ ಯಾವಾಗ ಎರಡಾಗುತ್ತದೆ ಎಂದು ಒಂದೂ ಬಿಡದೆ ಗುರುತು ಹಾಕಿದರು. ಭ್ರೂಣದ ಪೂರ್ತಿ ವಂಶವೃಕ್ಷ 1983ರಲ್ಲಿ ಹೊರಬಂತು. ಈ ಕೆಲಸದ ಬಗ್ಗೆ ನನಗೆ ಇವತ್ತಿಗೂ ಅಪಾರ ಗೌರವ. ಯಾಕೆಂದರೆ ಎಲ್ಲ ಹುಳದಲ್ಲೂ ಲೆಕ್ಕ ಒಂದೇ. ಬೆಳೆದ ದ್ವಿಲಿಂಗಿಯಲ್ಲಿ ಸಂತಾನದ ಕೋಶಗಳನ್ನು ಬಿಟ್ಟು 959 ಕೋಶಕೇಂದ್ರಗಳು. ಹಾಗಾಗಿ ಒಂದು ಕಿಣ್ವ ಕೈಕೊಟ್ಟಾಗ ಏನೋ ಕೆಟ್ಟಿದೆ ಅಂತ ಸುಮ್ನೆ ಹೇಳಬೇಕಾಗಿಲ್ಲ. ಯಾವ ಕೋಶ, ಎಷ್ಟನೆಯ ವಿಭಜನೆಯಲ್ಲಿ ನಿಂತಿತು ಎಂದು ಬೆರಳಿಟ್ಟು ತೋರಿಸಬಹುದು.

ಈಗ ಸಿಡಿಕೆ-1. ಇದು ಕೈನೇಸ್ ಜಾತಿಯ ಕಿಣ್ವ. ಬೇರೆ ಪ್ರೋಟೀನ್‌ಗಳ ಮೇಲೆ ಫಾಸ್ಫೇಟ್ ಎಂಬ ಪುಟ್ಟ ಗುಂಪನ್ನು ಅಂಟಿಸುವುದೇ ಅದರ ಕೆಲಸ. ಅಂಟಿಸಿದ ಕೂಡಲೇ ಕೋಶಕೇಂದ್ರದ ಪೊರೆ ಕರಗುತ್ತದೆ, ಕ್ರೋಮೋಸೋಮ್‌ಗಳು ಗಟ್ಟಿಯಾಗಿ ಸುತ್ತಿಕೊಳ್ಳುತ್ತವೆ, ವಿಭಜನೆ ಶುರುವಾಗುತ್ತದೆ. ಒಂಟಿಯಾಗಿ ಇದು ಏನೂ ಮಾಡದು. ಸೈಕ್ಲಿನ್ ಎಂಬ ಜೊತೆಗಾರ ಪ್ರೋಟೀನ್ ಬೇಕು. ಪ್ರತಿ ವಿಭಜನೆ ಮುಗಿದಾಗಲೂ ಕೋಶ ಸೈಕ್ಲಿನನ್ನು ಒಡೆದು ಹಾಕುತ್ತದೆ. ಸಿಡಿಕೆಯನ್ನು ಮಾತ್ರ ಉಳಿಸಿಕೊಂಡು ಮುಂದಿನ ಸುತ್ತಿಗೆ ಮತ್ತೆ ಬಳಸುತ್ತದೆ. ತಾಯಿ ಕೊಟ್ಟ ಸಿಡಿಕೆ-1 ಅಷ್ಟು ದೂರ ಬರುವುದಕ್ಕೆ ಇದೂ ಒಂದು ಕಾರಣ.

ಎಷ್ಟು ದೂರ? ಲೆಕ್ಕ ಹಾಕಿ ನೋಡಿ. ದ್ವಿಲಿಂಗಿ ಭ್ರೂಣದಲ್ಲಿ ಒಟ್ಟು 671 ಕೋಶಗಳು ಹುಟ್ಟುತ್ತವೆ. ಅದರಲ್ಲಿ 113 ಕೋಶಗಳು ಸಾಯುವುದಕ್ಕೆಂದೇ ಹುಟ್ಟಿದವು. ಮಿಕ್ಕ 558 ಕೋಶಗಳೊಂದಿಗೆ ಮರಿ ಹೊರಬರುತ್ತದೆ. ಒಂದು ಕೋಶ 671 ಆಗಬೇಕಾದರೆ 670 ವಿಭಜನೆ ನಡೆಯಬೇಕು. ಅಷ್ಟಕ್ಕೂ ತಾಯಿಯ ಬುತ್ತಿಯೇ ಸಾಕಾಗುತ್ತದೆ. ಈ ಹೊತ್ತಿನಲ್ಲಿ ಭ್ರೂಣ ದೊಡ್ಡದಾಗುವುದೇ ಇಲ್ಲ ಎಂಬುದನ್ನೂ ನೆನಪಿಡಿ. ಚಿಪ್ಪು ಅಷ್ಟೇ, ಒಳಗಿನ ದ್ರವ್ಯವೂ ಅಷ್ಟೇ. ಇರುವುದನ್ನೇ ಚಿಕ್ಕ ಚಿಕ್ಕದಾಗಿ ಹಂಚಿಕೊಳ್ಳುತ್ತಾ ಹೋಗುತ್ತದೆ.

ತೊಂದರೆ ಶುರುವಾಗುವುದು ಹೊರಬಂದ ಮೇಲೆ. ಆಗ ತಾನೇ ಹುಟ್ಟಿದ ಮರಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಕೋಶ ಇನ್ನೂ ವಿಭಜನೆಯಾಗಬೇಕಾದದ್ದು. ನರಕೋಶ ಇರುವುದು 222, ಬೆಳೆದಾಗ 302 ಆಗಬೇಕು. ಜನನಾಂಗ ಅಂತ ಇರುವುದು ಬರೀ ನಾಲ್ಕು ಕೋಶ. ಮೊಟ್ಟೆ ಹೊರಬರುವ ದ್ವಾರ, ಅದಕ್ಕೆ ಬೇಕಾದ 22 ಕೋಶ, ಇನ್ನೂ ಹುಟ್ಟೇ ಇಲ್ಲ. ಸಿಡಿಕೆ-1 ಕೆಟ್ಟ ಮರಿಯಲ್ಲಿ ಇವೆಲ್ಲ ಇದ್ದಲ್ಲೇ ನಿಲ್ಲುತ್ತವೆ. ಮರಿ ತಿನ್ನುತ್ತದೆ, ಉದ್ದವಾಗುತ್ತದೆ, ಯಾಕೆಂದರೆ ಇರುವ ಕೋಶಗಳೇ ಹಿಗ್ಗುತ್ತವೆ. ಆದರೆ ಸಣಕಲಾಗಿರುತ್ತದೆ. ಹೊಟ್ಟೆಯ ಕಡೆಯ ನರತಂತುವಿಗೆ ಆಮೇಲೆ ಸೇರಬೇಕಾದ ನರಕೋಶಗಳು ಸೇರುವುದಿಲ್ಲ, ಹಾಗಾಗಿ ಬೆಳೆದಂತೆ ನಡಿಗೆ ಕೆಡುತ್ತದೆ. ಸಂತಾನ ಇಲ್ಲ. ಸಣಕಲು, ಬಂಜೆ, ತೊಡರು ನಡಿಗೆ. ಈ ಮೂರೂ ಒಟ್ಟಿಗೆ ಕಂಡರೆ ಹುಟ್ಟಿದ ಮೇಲಿನ ಕೋಶ ವಿಭಜನೆ ಕೆಟ್ಟಿರಬಹುದು ಎಂದು ಈ ಕ್ಷೇತ್ರದವರು ಮೊದಲು ಅನುಮಾನಿಸುತ್ತಾರೆ. ಈ ಜಾತಿಯ ಎಷ್ಟೋ ಜೀನ್‌ಗಳು ಸಿಕ್ಕಿದ್ದೇ ಹೀಗೆ. ಲಿನ್-6 ಅನ್ನು ನೋಡಿ. ಡಿಎನ್‌ಎ ನಕಲಾಗುವಾಗ ಎರಡು ಎಳೆಗಳನ್ನು ಬಿಚ್ಚುವ ಕಿಣ್ವದ ಒಂದು ಭಾಗ ಅದು. ಅದಿಲ್ಲದ ಮರಿಯಲ್ಲಿ ಡಿಎನ್‌ಎ ನಕಲಾಗಿರುವುದಿಲ್ಲ, ಕೋಶ ಮಾತ್ರ ಎರಡಾಗಲು ಹೊರಡುತ್ತದೆ.

ಇನ್ನು ನೀವು ಓದಿದ ಎರಡನೆಯ ಪ್ರಯೋಗ. ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಇದೇ ಹುಳದಲ್ಲಿ ಒಂದು ಸಂಗತಿ ಕಂಡರು. ಎರಡೆಳೆಯ ಆರ್‌ಎನ್‌ಎಯನ್ನು ಹುಳದೊಳಗೆ ಸೇರಿಸಿದರೆ, ಅದಕ್ಕೆ ಹೊಂದುವ ಜೀನಿನ ಆರ್‌ಎನ್‌ಎ ನಾಶವಾಗುತ್ತದೆ. 2006ರ ನೊಬೆಲ್ ಬಂದದ್ದು ಇದಕ್ಕೇ. ಹೆಸರು ಆರ್‌ಎನ್‌ಎಐ. ಚುಚ್ಚಿ ಕೊಡಬಹುದು. ಹುಳ ತಿನ್ನುವ ಬ್ಯಾಕ್ಟೀರಿಯಾದಲ್ಲೇ ತಯಾರಿಸಿ ತಿನ್ನಿಸಲೂಬಹುದು. ಇದು ತಾಯಿಯ ಅಂಡಾಶಯದೊಳಗೇ ಕೆಲಸ ಮಾಡುತ್ತದೆ, ಬುತ್ತಿ ಕಟ್ಟುವ ಜಾಗದಲ್ಲೇ. ತಯಾರಾಗಿ ಕೂತಿರುವ ಪ್ರೋಟೀನನ್ನು ಅದು ಮುಟ್ಟುವುದಿಲ್ಲ, ಆರ್‌ಎನ್‌ಎಯನ್ನು ಮಾತ್ರ ಅಳಿಸುತ್ತದೆ. ಅದಕ್ಕೇ ಚುಚ್ಚಿದ ಕೂಡಲೇ ಇಟ್ಟ ಮೊಟ್ಟೆಗಳನ್ನು ಬಿಟ್ಟು, ಒಂದು ದಿನ ಕಾದು, ಆಮೇಲಿನ ಮೊಟ್ಟೆ ನೋಡುತ್ತಾರೆ. ಹೀಗೆ ಸಿಡಿಕೆ-1 ಅಡಗಿಸಿದರೆ ಭ್ರೂಣ ಒಂದು ಕೋಶದಿಂದ ಮುಂದೆ ಹೋಗುವುದಿಲ್ಲ. ಮೊದಲ ವಿಭಜನೆಗೂ ಈ ಕಿಣ್ವ ಬೇಕೇ ಬೇಕು ಎಂದಾಯಿತು, ಅಲ್ವಾ? ಜೀನ್ ಕೆಟ್ಟ ಮರಿಯನ್ನು ಮಾತ್ರ ನೋಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಈ ಬುತ್ತಿಯ ಮಾತನ್ನು ಝಿಗ್-1ರಷ್ಟು ಚೆಂದವಾಗಿ ತೋರಿಸುವ ಜೀನ್ ನನಗೆ ಇನ್ನೊಂದು ಗೊತ್ತಿಲ್ಲ. ಸ್ವಲ್ಪ ನಿಧಾನವಾಗಿ ಓದಿ. ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವ ಕದಿರು ಎಂಬ ಒಂದು ರಚನೆ ಮೂಡುತ್ತದೆ. ಈ ಹುಳದ ಭ್ರೂಣದಲ್ಲಿ ಕದಿರಿನ ಎರಡು ತುದಿಗಳಲ್ಲೂ ಸೆಂಟ್ರಿಯೋಲ್ ಎಂಬ ಪುಟ್ಟ ಕೊಳವೆಗಳು ಇರಬೇಕು. ಹೊಸ ಸೆಂಟ್ರಿಯೋಲ್ ಹುಟ್ಟಿಸಲು ಝಿಗ್-1 ಬೇಕು. ಇದೂ ಕೈನೇಸೇ. ಅಂಡದಲ್ಲಿ ಸೆಂಟ್ರಿಯೋಲ್ ಇರುವುದಿಲ್ಲ. ವೀರ್ಯಾಣು ಬರುವಾಗ ಎರಡನ್ನು ತರುತ್ತದೆ.

ತಾಯಿಯ ಪಾಲಿನ ಝಿಗ್-1 ಇಲ್ಲ ಎಂದುಕೊಳ್ಳಿ. ವೀರ್ಯಾಣು ತಂದ ಎರಡು ಸೆಂಟ್ರಿಯೋಲ್‌ಗಳು ಬೇರೆಯಾಗಿ ಎರಡು ತುದಿಗೆ ಹೋಗುತ್ತವೆ. ಮೊದಲ ವಿಭಜನೆ ಸುಸೂತ್ರವಾಗಿ ಮುಗಿಯುತ್ತದೆ. ನೋಡುವವರಿಗೆ ಏನೂ ತಪ್ಪು ಕಾಣದು. ಆದರೆ ಹೊಸದು ಹುಟ್ಟಿಲ್ಲ. ಎರಡು ಕೋಶಗಳಿಗೂ ಸಿಕ್ಕಿದ್ದು ಒಂದೊಂದೇ ಸೆಂಟ್ರಿಯೋಲ್. ಎರಡನೆಯ ಸುತ್ತಿನಲ್ಲಿ ಎರಡೂ ಕೋಶಗಳಲ್ಲಿ ಒಂದೇ ತುದಿಯ ಕದಿರು ಎದ್ದು, ಎಳೆಯಲು ಎದುರು ಪಕ್ಷವೇ ಇಲ್ಲದೆ ನಿಲ್ಲುತ್ತದೆ.

ಈಗ ತಿರುಗಿಸಿ ನೋಡಿ. ತಾಯಿ ಸರಿ ಇದೆ, ತಂದೆಯಲ್ಲಿ ವೀರ್ಯಾಣು ತಯಾರಾಗುವಾಗ ಝಿಗ್-1 ಇರಲಿಲ್ಲ. ಆಗ ವೀರ್ಯಾಣು ತರುವುದೇ ಒಂದು ಸೆಂಟ್ರಿಯೋಲ್. ಮೊದಲ ವಿಭಜನೆಯೇ ಒಂದು ತುದಿಯ ಕದಿರಾಗಿ ಸೋಲುತ್ತದೆ. ತಾಯಿ ಕೊಟ್ಟ ಕಿಣ್ವ ಅಲ್ಲೇ ಇರುತ್ತದೆ, ಆಮೇಲಿನ ಸುತ್ತುಗಳಲ್ಲಿ ಹೊಸ ಸೆಂಟ್ರಿಯೋಲ್ ಕಟ್ಟುತ್ತದೆ. ಆದರೆ ಮೊದಲ ಹೆಜ್ಜೆಗೆ ಅದು ತಡವಾಯಿತು. ಜೀನ್ ಒಂದೇ, ಕಿಣ್ವ ಒಂದೇ. ಕೊರತೆ ಯಾರ ಕಡೆಯಿಂದ ಬಂತು ಎಂಬುದರ ಮೇಲೆ ಭ್ರೂಣ ಮೊದಲ ಹೆಜ್ಜೆಯಲ್ಲಿ ಬೀಳುತ್ತದೆಯೋ ಎರಡನೆಯದರಲ್ಲೋ ಎಂಬುದು ತೀರ್ಮಾನವಾಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಹುಟ್ಟಿದ ಮೇಲೆ ನಿಂತ ಹುಳವನ್ನು ಕಂಡಾಗಲೆಲ್ಲ ತಾಯಿಯ ಬುತ್ತಿ ಮುಗಿಯಿತು ಎಂದು ಬರೆದುಬಿಡಬೇಡಿ. ವಿದ್ಯಾರ್ಥಿಗಳ ಉತ್ತರಗಳಲ್ಲಿ ಈ ತಪ್ಪನ್ನು ನಾನು ತುಂಬಾ ಸಲ ನೋಡಿದ್ದೇನೆ. ಸಿಡಿಕೆ-4 ಎಂಬ ಇನ್ನೊಂದು ಕಿಣ್ವವಿದೆ. ಅದರ ಜೀನ್ ಕೆಟ್ಟ ಮರಿಯೂ ಹುಟ್ಟುತ್ತದೆ, ಆಮೇಲೆ ಅದರ ಕೋಶಗಳೂ ವಿಭಜನೆಯಾಗದೆ ನಿಲ್ಲುತ್ತವೆ. ಹೊರನೋಟಕ್ಕೆ ಸಿಡಿಕೆ-1ರ ಹಾಗೆಯೇ. ಆದರೆ ಇಲ್ಲಿ ಆರ್‌ಎನ್‌ಎಐ ಮಾಡಿ ತಾಯಿಯ ಪಾಲನ್ನೂ ತೆಗೆದರೆ? ಆಗಲೂ ಬಹುತೇಕ ಮರಿಗಳು ಹುಟ್ಟುತ್ತವೆ! ಅಂದರೆ ಮೊದಮೊದಲ ವಿಭಜನೆಗಳಿಗೆ ಈ ಕಿಣ್ವ ಹೆಚ್ಚುಕಡಿಮೆ ಬೇಕಾಗಿಯೇ ಇಲ್ಲ. ಕಾರಣ ಇದೆ. ಬೆಳೆದ ಪ್ರಾಣಿಯ ಕೋಶ ಒಂದು ವಿಭಜನೆ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಸ್ವಲ್ಪ ನಿಂತು, ಮುಂದೆ ಹೋಗಲೋ ಬೇಡವೋ ಎಂದು ನೋಡುತ್ತದೆ. ಆ ತಂಗುವ ಹಂತಕ್ಕೆ ಜಿ1 ಎಂದು ಹೆಸರು. ಸಿಡಿಕೆ-4ರ ಕೆಲಸ ಇರುವುದು ಆ ಬಾಗಿಲನ್ನು ದಾಟಿಸುವುದರಲ್ಲಿ. ಭ್ರೂಣದ ಮೊದಲ ಸುತ್ತುಗಳಲ್ಲಿ ಆ ತಂಗುದಾಣವೇ ಇಲ್ಲ. ಡಿಎನ್‌ಎ ನಕಲು, ವಿಭಜನೆ, ಮತ್ತೆ ನಕಲು, ಮತ್ತೆ ವಿಭಜನೆ. ಬಾಗಿಲೇ ಇಲ್ಲದ ಮೇಲೆ ಬಾಗಿಲು ತೆಗೆಯುವವರು ಯಾಕೆ? ಹೀಗೆ ಒಂದೇ ಲಕ್ಷಣದ ಹಿಂದೆ ಎರಡು ಬೇರೆ ಬೇರೆ ಕಾರಣ ಇರಬಹುದು. ಬಿಡಿಸಿ ಹೇಳುವ ದಾರಿ ತಾಯಿಯ ಪಾಲನ್ನೂ ತೆಗೆದು ನೋಡುವುದು. ಮನುಷ್ಯರಲ್ಲಿ ಇದರ ನಂಟ ಸಿಡಿಕೆ4. ಅದನ್ನು ತಡೆಯುವ ಪಾಲ್ಬೋಸಿಕ್ಲಿಬ್ ಎಂಬ ಔಷಧಿಗೆ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗಾಗಿ ಅನುಮತಿ ಸಿಕ್ಕಿತು.

ಮೂರನೆಯ ಕಾರಣವೂ ಒಂದಿದೆ, ಅದು ಅಕ್ಕತಂಗಿ ಜೀನ್‌ಗಳು. ಪಿಎಲ್‌ಕೆ-1 ಎಂಬ ಇನ್ನೊಂದು ಕೈನೇಸ್‌ಗೆ ಪಿಎಲ್‌ಕೆ-2 ಎಂಬ ಹತ್ತಿರದ ತಂಗಿ ಇದೆ. ಒಂದು ಹೋದಾಗ ಇನ್ನೊಂದು ಕೆಲವು ಕೆಲಸ ವಹಿಸಿಕೊಳ್ಳಬಹುದು. ಇಂಥ ಕಡೆ ಒಂದನ್ನೇ ತೆಗೆದು ಏನೂ ಆಗಲಿಲ್ಲ, ಹಾಗಾಗಿ ಇದು ಬೇಡದ ಜೀನ್ ಎಂದು ತೀರ್ಮಾನಿಸಬಾರದು.

ಬುತ್ತಿಯ ತೊಡಕನ್ನು ದಾಟಲು ಇನ್ನೊಂದು ಹಳೆಯ, ಒಳ್ಳೆಯ ಉಪಾಯವಿದೆ. ಬಿಸಿಗೆ ಕೆಡುವ ಕಿಣ್ವ. ಕೆಲವು ಮ್ಯುಟೇಶನ್‌ಗಳಲ್ಲಿ ಕಿಣ್ವ 15 ಡಿಗ್ರಿಯಲ್ಲಿ ಸರಿಯಾಗಿರುತ್ತದೆ, 25 ಡಿಗ್ರಿಯಲ್ಲಿ ಕೆಡುತ್ತದೆ. ಹುಳಗಳನ್ನು ತಂಪಿನಲ್ಲಿ ಬೆಳೆಸಿ, ನಮಗೆ ಬೇಕಾದ ಗಳಿಗೆಯಲ್ಲಿ ಬಿಸಿ ಮಾಡಿದರಾಯಿತು. ಮ್ಯಾಟ್ ಎಂಬ ಹೆಸರಿನ ಜೀನ್‌ಗಳೂ ಎಂಬ್-27 ಕೂಡ ಹೀಗೆ ಸಿಕ್ಕವು. ಇವೆಲ್ಲ ಸೇರಿ ಒಂದು ದೊಡ್ಡ ಕಿಣ್ವ ಕೂಟ. ಕ್ರೋಮೋಸೋಮ್‌ಗಳನ್ನು ಬಿಡಿಸಲು ಸಮಯವಾಯಿತು ಎಂದಾಗ, ತಡೆಹಿಡಿದಿರುವ ಪ್ರೋಟೀನ್‌ಗಳಿಗೆ ನಾಶದ ಗುರುತು ಹಚ್ಚುವುದು ಇದರ ಕೆಲಸ. ಒಮ್ಮೆ ಈ ಗುಂಪಿನ ಹುಳಗಳಿದ್ದ ತಟ್ಟೆಯನ್ನು ನಾನು ತಂಪಿನ ಪೆಟ್ಟಿಗೆಗೆ ಇಡದೆ ಮೇಜಿನ ಮೇಲೇ ಬಿಟ್ಟುಹೋಗಿದ್ದೆ. ಸೆಕೆ ಇತ್ತು. ಮರುದಿನ ತಟ್ಟೆಯ ತುಂಬ ಮೊಟ್ಟೆಗಳು, ಒಂದೂ ಒಡೆದಿಲ್ಲ. ಒಂದನ್ನು ಎತ್ತಿ ದೊಡ್ಡ ಮಸೂರದ ಕೆಳಗೆ ಇಟ್ಟೆ. ಒಂದೇ ಕೋಶ. ಅಂಡದ ಮೊದಲ ಅರ್ಧವಿಭಜನೆಯ (ಮಿಯೋಸಿಸ್, ಕ್ರೋಮೋಸೋಮ್‌ಗಳ ಸಂಖ್ಯೆ ಅರ್ಧಕ್ಕೆ ಇಳಿಯುವ ವಿಭಜನೆ) ನಡುವೆ, ಕ್ರೋಮೋಸೋಮ್‌ಗಳು ಸಾಲಾಗಿ ನಿಂತು, ಬಿಡುಗಡೆಯ ಸೂಚನೆಗೆ ಕಾಯುತ್ತಾ ಹಾಗೇ ಉಳಿದಿದ್ದವು.

ಎಂಬ್-27ರಲ್ಲಿ ಇನ್ನೊಂದು ಬೆರಗು ಇದೆ. ಬಿಸಿಯಲ್ಲಿ ಬೆಳೆಸಿದ ಹುಳಗಳಲ್ಲಿ ಡಿಎನ್‌ಎಯೇ ಇಲ್ಲದ ವೀರ್ಯಾಣುಗಳು ತಯಾರಾಗುತ್ತವೆ. ಅವು ತೆವಳುತ್ತವೆ, ಒಳ್ಳೆಯ ಅಂಡವನ್ನು ಫಲಿಸುತ್ತವೆ, ಭ್ರೂಣದ ಮುಂದು ಯಾವುದು ಹಿಂದು ಯಾವುದು ಎಂಬುದನ್ನೂ ನಿಶ್ಚಯಿಸುತ್ತವೆ. ತಂದೆಯ ಡಿಎನ್‌ಎ ಒಂದೂ ಇಲ್ಲದೆ!

ಇಷ್ಟು ಹೊತ್ತು ವಿಭಜನೆ ನಿಲ್ಲುವ ಮಾತಾಯಿತು. ಜಾಸ್ತಿಯಾಗುವುದೂ ಇದೆ. ಕಲ್-1 ಕೂಡ ನಾಶದ ಗುರುತು ಹಚ್ಚುವ ಇನ್ನೊಂದು ಕೂಟದ ಭಾಗ. ಅದು ಕೆಟ್ಟರೆ, ಸಾಕು ಎಂದು ನಿಲ್ಲಬೇಕಾದ ಕೋಶಗಳು ನಿಲ್ಲದೆ ವಿಭಜನೆಯಾಗುತ್ತಲೇ ಹೋಗುತ್ತವೆ. ಹಲವಾರು ಅಂಗಾಂಶಗಳಲ್ಲಿ ಇದು ಕಾಣುತ್ತದೆ. ಸಿಡಿಸಿ-25.1ರದು ಇನ್ನೂ ವಿಚಿತ್ರ. ಸಿಡಿಕೆಯ ಮೇಲೆ ಕೂತಿರುವ ಫಾಸ್ಫೇಟ್ ಬೀಗವನ್ನು ತೆಗೆಯುವ ಕಿಣ್ವ ಇದು, ಭ್ರೂಣದ ಎಲ್ಲ ಕಡೆ ಬೇಕಾದದ್ದು. ಆದರೆ ಇದರಲ್ಲಿ ಒಂದು ಬಗೆಯ ಮ್ಯುಟೇಶನ್ ಆದರೆ ಕೆಡುವುದು ಕರುಳು ಮಾತ್ರ. ಸಹಜವಾಗಿ 20 ಇರಬೇಕಾದ ಕರುಳಿನ ಕೋಶಗಳು ಎಷ್ಟೋ ಜಾಸ್ತಿಯಾಗುತ್ತವೆ, ಉಳಿದ ಅಂಗಗಳು ತಮ್ಮ ಲೆಕ್ಕ ತಪ್ಪುವುದಿಲ್ಲ. ಎಲ್ಲ ಕಡೆ ಇರುವ ಕಿಣ್ವವನ್ನು ಒಂದೊಂದು ಅಂಗವೂ ತನ್ನದೇ ರೀತಿಯಲ್ಲಿ ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇಂಥ ಜೀನ್‌ಗಳು ಒಟ್ಟು ಎಷ್ಟು ಎಂಬ ಪ್ರಶ್ನೆಯೂ ನಿಮಗೆ ಬರುತ್ತದೆ. ಹುಳದ ಜೀನೋಮ್ 1998ರಲ್ಲಿ ಓದಿ ಮುಗಿಯಿತು, ಬಹುಕೋಶ ಪ್ರಾಣಿಗಳಲ್ಲಿ ಮೊದಲನೆಯದು. ಜೀನ್‌ಗಳು ಸುಮಾರು 20,000. ಹೆಚ್ಚುಕಡಿಮೆ ಎಲ್ಲವನ್ನೂ ಒಂದೊಂದಾಗಿ ಆರ್‌ಎನ್‌ಎಐಯಿಂದ ಅಡಗಿಸಿ, ಭ್ರೂಣದ ಮೊದಲ ಎರಡು ವಿಭಜನೆಗಳನ್ನು ಚಿತ್ರೀಕರಿಸಿದ ಕೆಲಸ 2005ರಲ್ಲಿ ಬಂತು. ಆ ಹೊತ್ತಿಗೆ ಬೇಕಾದವು ಎಂದು ಅದರಲ್ಲಿ ಸಿಕ್ಕವು 661. ಎಲ್ಲವೂ ಕಿಣ್ವಗಳಲ್ಲ. ಮುಖ್ಯ ಕೈನೇಸ್‌ಗಳು ಕೈಬೆರಳಲ್ಲಿ ಎಣಿಸುವಷ್ಟೇ. ಅವುಗಳಲ್ಲಿ ಹಲವಕ್ಕೆ ಯೀಸ್ಟ್‌ನಿಂದ ಮನುಷ್ಯರವರೆಗೆ ನಂಟರಿದ್ದಾರೆ. ಸಿಡಿಕೆ-1ರ ಮನುಷ್ಯ ರೂಪವನ್ನು ಯೀಸ್ಟ್‌ಗೆ ಹಾಕಿದರೆ ಯೀಸ್ಟ್ ವಿಭಜನೆಯಾಗುತ್ತದೆ ಎಂದು ಪಾಲ್ ನರ್ಸ್ ಅವರ ಪ್ರಯೋಗಾಲಯ 1987ರಲ್ಲೇ ತೋರಿಸಿತ್ತು.

ಇನ್ನು ಕಣ್ಣಾರೆ ನೋಡುವ ಮಾತು. ಖಂಡಿತ ಆಗುತ್ತದೆ, ದೊಡ್ಡ ಯಂತ್ರ ಬೇಕಿಲ್ಲ. ಮೊಟ್ಟೆಗಳಿಂದ ತುಂಬಿದ ಒಂದು ಹುಳವನ್ನು ತಂತಿಯ ತುದಿಯಿಂದ ಎತ್ತಿ, ಗಾಜಿನ ಮೇಲಿನ ದ್ರಾವಣದ ಹನಿಗೆ ಬಿಡಿ. ಸೂಜಿಯಿಂದ ನಡುವಿಗೆ ಕತ್ತರಿಸಿ. ಮೊಟ್ಟೆಗಳು ಚೆಲ್ಲುತ್ತವೆ. ಅವನ್ನು ಅಗರ್‌ನ ತೆಳು ಹಾಸಿನ ಮೇಲೆ ಇಟ್ಟು, ಮೇಲೊಂದು ಗಾಜಿನ ಚೂರು ಮುಚ್ಚಿ. ಮೊಟ್ಟೆಯ ಉದ್ದ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. 40 ಪಟ್ಟಿನ ಮಸೂರ ಸಾಕು, ಬೆಳಕನ್ನು ಸ್ವಲ್ಪ ತಗ್ಗಿಸಿ.

ಒಳಗೆಲ್ಲ ಕಾಳು ಕಾಳಾದ ದ್ರವ್ಯ ಕಾಣುತ್ತದೆ. ಅದರ ನಡುವೆ ಕಾಳಿಲ್ಲದ ಎರಡು ದುಂಡು ಖಾಲಿ ಜಾಗಗಳಿರುವ ಮೊಟ್ಟೆಯನ್ನು ಹುಡುಕಿ. ಒಂದು ತಾಯಿಯ ಕೋಶಕೇಂದ್ರ, ಇನ್ನೊಂದು ತಂದೆಯದು. ತಾಯಿಯದು ಮುಂದಿನ ತುದಿಯಿಂದ ಹೊರಟು ಮೊಟ್ಟೆಯ ಅರ್ಧಕ್ಕಿಂತ ಹಿಂದೆ ತಂದೆಯದನ್ನು ಸೇರುತ್ತದೆ. ಎರಡೂ ಅಂಟಿಕೊಂಡು ನಡುವಿಗೆ ಬಂದು, ಕಾಲು ಸುತ್ತು ತಿರುಗುತ್ತವೆ. ಇದ್ದಕ್ಕಿದ್ದಂತೆ ಎರಡರ ಅಂಚೂ ಮಸುಕಾಗುತ್ತದೆ. ಸಿಡಿಕೆ-1 ಪೊರೆಯನ್ನು ಕರಗಿಸಿದ ಗಳಿಗೆ ಅದು. ಕದಿರು ಏಳುತ್ತದೆ, ಅದರ ಹಿಂದಿನ ತುದಿ ದೋಣಿಯ ಹಾಗೆ ಅತ್ತಿತ್ತ ತೂಗುತ್ತದೆ. ಎರಡು ಕೇಂದ್ರಗಳು ಸೇರಿದ ಮೇಲೆ ಸುಮಾರು ಹತ್ತು ನಿಮಿಷದಲ್ಲಿ ನಡುವೆ ಗೀರು ಬೀಳುತ್ತದೆ. ಏರ್-2 ಎಂಬ ಕಿಣ್ವ ಇಲ್ಲದ ಭ್ರೂಣವಾದರೆ ಇಲ್ಲಿ ಕ್ರೋಮೋಸೋಮ್‌ಗಳು ಬಿಡುವುದಿಲ್ಲ, ಗೀರು ಬಿದ್ದರೂ ಹಿಂದಕ್ಕೆ ಸರಿದು ಮತ್ತೆ ಒಂದೇ ಕೋಶವಾಗುತ್ತದೆ.

ಗೀರು ಬಿದ್ದಿತು ಎಂದು ಎದ್ದುಹೋಗಬೇಡಿ. ಎರಡು ಕೋಶಗಳಲ್ಲಿ ಮುಂದಿನದು ದೊಡ್ಡದು, ಹೆಸರು ಎಬಿ. ಹಿಂದಿನದು ಚಿಕ್ಕದು, ಪಿ1. ಇನ್ನೊಂದು ಕಾಲು ಗಂಟೆಯ ಆಚೀಚೆ ಕಾದು ನೋಡಿ. ಎಬಿಯ ಅಂಚು ಮೊದಲು ಮಸುಕಾಗುತ್ತದೆ, ಪಿ1ರದು ಸುಮಾರು ಎರಡು ನಿಮಿಷ ತಡವಾಗಿ. ತಾಯಿ ಕೊಟ್ಟ ಪಿಎಲ್‌ಕೆ-1 ಕಿಣ್ವ ಮೊದಲ ವಿಭಜನೆಯಲ್ಲೇ ಎಬಿಗೆ ಜಾಸ್ತಿ, ಪಿ1ಕ್ಕೆ ಕಡಿಮೆ ಹಂಚಿಕೆಯಾಗಿರುವುದು ಆ ಎರಡು ನಿಮಿಷಕ್ಕೆ ಒಂದು ಮುಖ್ಯ ಕಾರಣ. ಕೈಯಲ್ಲಿ ಗಡಿಯಾರ ಹಿಡಿದು ಕೂತರೆ ಆ ವ್ಯತ್ಯಾಸವನ್ನು ನೀವೇ ಅಳೆಯಬಹುದು.